ತೊಟ್ಟಿಲ ಮೇಲಿನ ಕೆಂಪು ಹೆಬ್ಬೆರಳು

ಸವಣೂರು, ಬುಧವಾರ

ಅತ್ತಿಗೆಗೆ ಮೈದುನನ ನಮಸ್ಕಾರ.

ಇಲ್ಲಿ ಸುಶೀಲವ್ವ ಎಂಬ ಅಜ್ಜಿಯ ಮರಿಮಗುವಿಗೆ ತೊಟ್ಟಿಲು ಮಾಡುತ್ತಿದ್ದೇನೆ. ಕುದಿಸಿದ ಅರಿಶಿನದ ನೀರು ಕುಡಿದು ಹಾಲೆಮರದ ಹಲಗೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಆ ಹದ ಕಲಿಸಿದವರು ನೀವೇ. ಈ ಊರಿನ ವೀಳ್ಯದೆಲೆ ಬಾಯಿಗಿಟ್ಟರೆ ಕರಗುತ್ತದೆ. ನಿನ್ನೆ ಬೆರಳಲ್ಲಿ ಸುಣ್ಣ ಸವರಿ ಎರಡು ಹಾಕಿಕೊಂಡೆ, ಬಣ್ಣ ಆರಿತೇ ಎಂದು ಹಲಗೆ ಮುಟ್ಟಿ ನೋಡಿದೆ. ಮುಟ್ಟಿದಲ್ಲೆಲ್ಲ ರಕ್ತಗೆಂಪು ಬೆರಳಚ್ಚು! ಅಜ್ಜಿ ನಕ್ಕುಬಿಟ್ಟರು: "ಅಲ್ರೀ, ಆರತಿ ನೀರು ಕಲಸೂದು ನೋಡಿಲ್ಲೇನ್ರಿ? ಅರಿಶಿಣಕ್ಕ ಸುಣ್ಣ ಹತ್ತಿದ್ರ ಕೆಂಪ ಆಗೂದ. ಮೊದ್ಲ ಕೈ ತೊಳಕೋರಿ."

ನನಗೆ ನಗು ಬರಲಿಲ್ಲ. ಹೆಬ್ಬೆರಳಚ್ಚಿನ ನಡುವೆ ನನ್ನ ಹಳೆಯ ಉಳಿಗಾಯದ ಓರೆ ಗೆರೆ ಮೂಡಿತ್ತು. ಚನ್ನಪಟ್ಟಣದಲ್ಲಿ ಕೆಟ್ಟುಹೋದ ಆ ತೊಟ್ಟಿಲ ಮೇಲಿನ ಕೆಂಪು ಅಚ್ಚಿನಲ್ಲೂ ಇದೇ ಗೆರೆ ಇತ್ತು, ಆಗ ನಾನು ಗುರುತಿಸಲಿಲ್ಲ, ಅತ್ತಿಗೆ. ಕುಂಕುಮದ ಕೈಯಲ್ಲಿ ಮುಟ್ಟಿ ಕೆಡಿಸಿದಿರೆಂದು ನಮ್ಮ ಕಾರ್ಖಾನೆಯ ಆಳುಗಳ ಮುಂದೆ ನಿಮ್ಮನ್ನು ಬೈದೆ. ಮೂರು ವರ್ಷವಾಯಿತು, ನೀವು ಅಲ್ಲಿಗೆ ಕಾಲಿಟ್ಟಿಲ್ಲ.

ಆರೋಗ್ಯವಾಗಿದ್ದೇನೆ. ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಿದೆ, ಇಲ್ಲಿಯ ಖಾರ ಸೇರುತ್ತಿಲ್ಲ, ಅಷ್ಟೇ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಫೋನು ಮಾಡಿದ್ದರೆ ನೀವೊಬ್ಬರೇ ಕೇಳುತ್ತಿದ್ದಿರಿ. ಬೈದದ್ದು ಎಲ್ಲರೆದುರು, ಅದಕ್ಕೇ ಲಕೋಟೆ ಬಿಟ್ಟು ತೆರೆದ ಕಾರ್ಡಿನಲ್ಲಿ ಬರೆದಿದ್ದೇನೆ, ಅದೂ ಕಾರ್ಖಾನೆಯ ವಿಳಾಸಕ್ಕೆ; ಆಳುಗಳೆಲ್ಲ ಓದಿಯೇ ನಿಮಗೆ ತಲುಪಿಸಲಿ.

ವೀರಾಚಾರಿ