ಫೋಟೋದಿಂದ ತೆಗೆಯಬೇಕಾದವಳು

ವಾಳೂಜ್, ಸೋಮವಾರ

ನಾಶಿಕದಲ್ಲಿರುವ ಅಳಿಯ ಪ್ರಭಾಕರ ಅವರಿಗೆ,

ಮೊದಲು ಕ್ಷೇಮ ಕೇಳುವುದು ರೂಢಿ. ಈ ಸಲ ಬಿಟ್ಟಿದ್ದೇನೆ.

ಫೋಟೋ ತಿದ್ದುವ ಸಾಫ್ಟ್‌ವೇರ್ ಎಂದು ನೀವು ಕಳಿಸಿದ ಲಿಂಕನ್ನು ನಿಮ್ಮ ಮಗಳು ರುಚಿತಾ ಒತ್ತಲಿಲ್ಲ. "ಅಜ್ಜಿ, ಇದು ಕಳ್ಳರ ಸೈಟ್ ಐತಿ. ಒತ್ತಿದರ ಲ್ಯಾಪ್‌ಟಾಪಿಗೆ ವೈರಸ್ ಬರತೈತಿ," ಅಂದಳು. ಕಂಪನಿಯ ಸ್ವಂತ ಸೈಟು ಹುಡುಕಿ, ಹೆಸರು ಎರಡು ಸಲ ಓದಿ, ಏಳು ದಿನದ ಟ್ರಯಲ್ ಅಲ್ಲಿಂದಲೇ ಇಳಿಸಿಕೊಂಡಳು. ಹದಿನಾಲ್ಕು ವರ್ಷದ ಹುಡುಗಿಗೆ ಇರುವ ಎಚ್ಚರ ನಿಮಗಿಲ್ಲ.

ರುಚಿತಾಳ ಜವಳದ, ಮೊದಲ ಸಲ ಕೂದಲು ತೆಗೆಸಿದ ದಿನದ ಫೋಟೋದಿಂದ ನನ್ನ ಮಗಳು ನೀಲಾಂಬಿಕಾಳನ್ನು ತೆಗೆದು, ಆ ಜಾಗದಲ್ಲಿ ನಿಮ್ಮ ಹೊಸ ಹೆಂಡತಿಯನ್ನು ಕೂರಿಸಬೇಕು ಎಂದಿರಿ. ಹೊಸ ಮನೆಯ ಗೋಡೆಗೆ ಚಂದ ಕಾಣುತ್ತದಂತೆ. ಸತ್ತ ತಾಯಿಯನ್ನು ಅಳಿಸಲು ಊರಲ್ಲಿ ಬೇರೆ ಯಾರೂ ಸಿಗದೆ, ಹೆತ್ತ ಮಗಳೇ ಬೇಕಾದಳೇ?

ಅಪ್ಪ ಹೇಳಿದ್ದಾನೆಂದು ಹುಡುಗಿ ಎರಡು ದಿನ ಕೂತಳು. ಮುಖ ತೆಗೆದಳು, ಸೀರೆ ತೆಗೆದಳು. ನಿಮ್ಮಾಕೆ ಅಲ್ಲಿ ಚೆನ್ನಾಗಿಯೇ ಕೂತಿದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ತೊಡೆಯ ಮೇಲಿನ ಮಗುವನ್ನು ಬಳಸಿ ಹಿಡಿದ ನೀಲಾಂಬಿಕಾಳ ಹಸಿರು ಬಳೆಯ ಕೈ ತೆಗೆಯುವ ಸರದಿ ಬಂದಾಗ ರುಚಿತಾ ಮೌಸ್ ಬಿಟ್ಟಳು.

"ಇದನ್ನ ತಗದರ ನಾ ಬೀಳತೇನಿ, ಅಜ್ಜಿ," ಅಂದಳು.

ಟ್ರಯಲ್ ಇನ್ನೂ ಐದು ದಿನ ಇತ್ತು. ನಾನೇ ಸಾಕು ಮಾಡು ಎಂದೆ. ಫೋಟೋವನ್ನು ಹಾಗೆಯೇ ಕಳಿಸಿದ್ದೇವೆ. ಆ ಕೈಯನ್ನು ತೆಗೆಯಲೇಬೇಕಾದರೆ ನೀವೇ ಕೂತು ತೆಗೆಯಿರಿ. ಈ ಕೆಲಸಕ್ಕೆ ಮತ್ತೆ ಹುಡುಗಿಗೆ ಫೋನ್ ಮಾಡಬೇಡಿರಿ.

ಇಂತಿ,
ಭಾಗವ್ವ
ನೀಲಾಂಬಿಕಾಳ ತಾಯಿ