ಬಾಯಿ ತೆರೆಯದವನ ಹಲ್ಲಿನ ಸಂಖ್ಯೆ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಬಾಯಿ ತೆರೆಯಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ನಿಮ್ಮ ದಂತ ವಿಭಾಗ ನನ್ನ ಅಣ್ಣನನ್ನು ಬಾಗಿಲಿನಿಂದಲೇ ವಾಪಸು ಕಳಿಸಿತು. ಎರಡು ದಿನಗಳ ನಂತರ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅವನ ಕತ್ತನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಯ ತನಕ ತೆರೆದರು. ತೆರೆಸುವ ಹಟದಲ್ಲಿ ಅಂತೂ ಗೆದ್ದಿರಿ.

ಅಣ್ಣ ದರ್ಜಿ. ಮೂವತ್ತು ವರ್ಷ ದಾರವನ್ನು ಹಲ್ಲಿನಿಂದಲೇ ಕಡಿದವನು. ದವಡೆ ಹಲ್ಲೊಂದು ಹುಳುಕಾಗಿ, ಬುಡದಲ್ಲಿ ಕೀವು ಕಟ್ಟಿ, ಗದ್ದದ ಕೆಳಗೆ ಕಲ್ಲಿನಂಥ ಬಾವು ಬಂದಾಗ ಅತ್ತಿಗೆಯೂ ನಾನೂ ಕರೆತಂದೆವು. ಬಿಗಿದ ದವಡೆಯೊಳಗೆ ಕಿರುಬೆರಳೂ ತೂರುತ್ತಿರಲಿಲ್ಲ. ಎಂಜಲು ನುಂಗಲಾಗದೆ ಟವೆಲು ಹಿಡಿದು ಕೂತಿದ್ದ. ಆದರೇನು, ನಿಮ್ಮ ಚೀಟಿಯಲ್ಲಿ ‘ಹಲ್ಲಿನ ಸಂಖ್ಯೆ’ ಎಂಬ ಅಂಕಣವಿದೆ. ಅದು ತುಂಬದೆ ವೈದ್ಯರ ದರ್ಶನವಿಲ್ಲ. ಬಾಯಿ ತೆರೆಯದೆ ಅದು ತುಂಬುವುದಿಲ್ಲ.

“ಯಾವ ಹಲ್ಲು ಅಂತ ಕಾಣ್ಬೇಕಲ್ಲಮ್ಮ. ಉಪ್ಪುನೀರು ಮುಕ್ಕಳಿಸ್ಲಿ, ಬಾಯಿ ಬಿಟ್ಟ ಮೇಲೆ ಕರ್ಕೊಂಡ್ ಬನ್ನಿ,” ಎಂದರು ಚೀಟಿ ಬರೆಯುವವರು.

“ನೀರು ಎಲ್ಲಿಂದ ಹಾಕ್ಲಿ ಸ್ವಾಮಿ, ಕಿವೀಲಾ?” ಎಂದರು ಅತ್ತಿಗೆ.

“ನನ್ಮೇಲೆ ರೇಗಿದ್ರೆ ಏನ್ ಬಂತು? ರೂಲ್ಸ್ ನಾನ್ ಮಾಡಿದ್ದಾ?”

ಇಲ್ಲ, ಮಾಡಿದವರು ತಾವು. ಅದಕ್ಕೇ ಈ ಪತ್ರ ತಮಗೆ.

ನಾಚಿಕೆಯ ಸಂಗತಿಯೆಂದರೆ, ಅವರು ಹೇಳಿದ ಹಾಗೆ ನಾವು ಕೇಳಿದೆವು. ಪದವೀಧರನಾದ ನಾನೇ ಕೂತು ಕೆನ್ನೆಗೆ ಶಾಖ ಕೊಟ್ಟೆ, ದವಡೆ ಸಡಿಲವಾದೀತೆಂದು ಕಾದೆ. ಕೆಂಪಗಿದ್ದ ಕತ್ತು ಕಪ್ಪಾಯಿತು, ಬೆಪ್ಪಾಗಿ ಕೂತದ್ದು ತಪ್ಪಾಯಿತು. (ಪ್ರಾಸ ನನ್ನ ಹಳೆಯ ಚಟ, ಅದರಿಂದ ಈವರೆಗೆ ಯಾರ ಉಸಿರೂ ಕಟ್ಟಿಲ್ಲ.) ಉಸಿರು ಕಟ್ಟಿದಾಗ ತುರ್ತು ವಿಭಾಗಕ್ಕೆ ಹೊತ್ತು ತಂದೆವು. ಕೊಳೆತ ಮಾಂಸವನ್ನು ಕತ್ತರಿಸಿ ತೆಗೆದ ಶಸ್ತ್ರವೈದ್ಯೆ ಕೇಳಿದರು, “ಬಾಯಿ ಬಿಗಿದಾಗ್ಲೇ ಓಡಿ ಬರಬಾರದಿತ್ತೇನ್ರೀ? ಅದೇ ಅಪಾಯದ ಗುರುತು.”

ಬಂದಿದ್ದೆವು, ಅಧೀಕ್ಷಕರೇ. ಒಂದು ಮಹಡಿ ಕೆಳಗೆ. ಮೇಲೆ ಯಾವುದು ಅಪಾಯದ ಗುರುತೋ ಕೆಳಗೆ ಅದು ಅನರ್ಹತೆ ಆಗುವುದು ಹೇಗೆ? ನಡುವೆ ಇರುವುದು ಮೆಟ್ಟಿಲೋ, ಸಮುದ್ರವೋ?

ಅಣ್ಣನ ಗಂಟಲಲ್ಲಿ ಈಗ ಕೊಳವೆಯಿದೆ. ಬದುಕುತ್ತಾನೆ ಎನ್ನುತ್ತಾರೆ, ಮಾತಿನ ಬಗ್ಗೆ ಏನೂ ಹೇಳುವುದಿಲ್ಲ. ನಿನ್ನೆ ಅಳತೆ ಪುಸ್ತಕದಲ್ಲಿ ಬರೆದು ತೋರಿಸಿದ: “ನಂಬರ್ ಸಿಕ್ತೇನೋ?”

ನನ್ನ ಬೇಡಿಕೆ ಒಂದೇ. ಕತ್ತು ಊದಿ ಬಾಯಿ ಬಿಗಿದು ಬಂದವರನ್ನು ಸಂಖ್ಯೆ ಕೇಳದೆ, ಚೀಟಿ ಬರೆಯದೆ, ಆ ಕ್ಷಣವೇ ಮೇಲಕ್ಕೆ ಕಳಿಸಬೇಕೆಂದು ಇಂದೇ ಆದೇಶ ಹೊರಡಿಸಿ. ಅದನ್ನು ದಂತ ವಿಭಾಗದ ಕಿಟಕಿಗೆ ಅಂಟಿಸಿ.

ಶಸ್ತ್ರಚಿಕಿತ್ಸೆಯಲ್ಲಿ ಆ ಹಲ್ಲನ್ನೂ ಕಿತ್ತರು. ಮನುಷ್ಯನ ಬಾಯಲ್ಲಿ ಇರುವುದೇ ಮೂವತ್ತೆರಡು; ದವಡೆಯ ಭಾಗಕ್ಕೊಂದು ಅಂಕಿ, ಹಲ್ಲಿಗೊಂದು ಅಂಕಿ ಜೋಡಿಸುವ ನಿಮ್ಮವರ ಲೆಕ್ಕದಲ್ಲಿ ಅದು ಮೂವತ್ತೇಳನೆಯದಂತೆ. ಅಂಕಣ ಇನ್ನೂ ಖಾಲಿಯಿದ್ದರೆ ದಯವಿಟ್ಟು ತುಂಬಿಕೊಳ್ಳಿ.

ಇಂತಿ,
ಹೇಳಿದ ಹಾಗೆ ಕೇಳಿ ಎರಡು ದಿನ ಕಳೆದ,
ಮೂವತ್ತೇಳನೆಯ ಹಲ್ಲಿನವನ ತಮ್ಮ