ದೇವರ ಕಾಯಿ ನೀರು

ಅತ್ತೀ, ನೀವು ಗುಡಿಯಿಂದ ಬರೂತನಕ ನಿಂತ್ರ ನನ್ನ ಬೀಳಗಿ ಬಸ್ಸು ಹೋಗತೈತಿ. ಅದಕ್ಕ ಇದನ್ನ ಬರದು ಪೂಜಿ ಕಾಯಿ ಕೆಳಗ ಇಟ್ಟೀನಿ.

ಕಾಯಿ ಒಡೀರಿ, ಬೀರಪ್ಪಗ ಬೇಡಕೊಳ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅದರ ನೀರು ನಿಮ್ಮ ಮಗಗ ಕೊಡಬ್ಯಾಡ್ರಿ. ತೀರ್ಥ ಅಂತ ಒಂದು ಗುಟುಕೂ ಬ್ಯಾಡ.

ಹೋದ ಸೋಮವಾರ "ಡಾಕ್ಟರ್ ಬ್ಯಾಡಂದಿದ್ದು ಎಳನೀರು, ಇದು ಬಲಿತ ಕಾಯಿ" ಅಂತ ವಾಟಗಾ ತುಂಬಿ ಕುಡಿಸಿದ್ರಿ. ಸಂಜಿಕ ಅವರ ಕಾಲಾಗ ಶಕ್ತೀನ ಇರಲಿಲ್ಲ, ನೆನಪೈತೇನ್ರಿ? ದವಾಖಾನಿ ಮುಟ್ಟೂತನಕ ನಾ ಅವರ ಎದಿ ಮ್ಯಾಲಿನ ಕೈ ತಗೀಲಿಲ್ಲ.

ಹಿಪ್ಪರಗಿ ಕಾಕಾ ತಂದ ಗಿಡ್ಡ ಗಿಡದ ಕೆಂಪು ಕಾಯಿ ನೀರು ಸಿಹಿ, ನಮ್ಮ ಹಿತ್ತಲದ್ದು ಸಪ್ಪಗ. ಕಾಯಿ ಪೂರಾ ಬಲಿತ್ರ ಸಕ್ಕರಿ ಇಳೀತೈತಿ, ಖರೆ. ಆದ್ರ ಪೊಟ್ಯಾಸಿಯಂ ಅನ್ನೂದು ಎಲ್ಲಾದರಾಗೂ ಇರತೈತಿ. ನಮಗ ಅದು ಛಲೋ. ಅದನ್ನ ಹೊರಗ ಹಾಕಾಕ ಅವರ ಕಿಡ್ನಿಗಿ ಆಗೂದಿಲ್ಲ. ರಕ್ತದಾಗ ಉಳದು ಎದಿ ಬಡತಾನ ನಿಲ್ಲಸತೈತಿ.

ನಾಳೆ ಡಯಾಲಿಸಿಸ್ ಐತಿ. ಅಲ್ಲೀತನಕ ನನಗ ಭಾಳ ಅಂಜಿಕಿರಿ.

ಅವರ ಅನ್ನ ಬ್ಯಾರೆ ಡಬ್ಬಿಯಾಗೈತಿ. ಕುಡಿಯೂ ನೀರು ಅಳದು ಇಟ್ಟೀನಿ, ಮತ್ತ ತಂಬಗಿ ತುಂಬಬ್ಯಾಡ್ರಿ.

ನೀರಡಿಕಿ ಅಂತ ಬೇಡತಾರ. ನಿಮಗ ಇಲ್ಲ ಅನ್ನಾಕ ಬಾಯಿ ಬರೂದಿಲ್ಲ, ಗೊತ್ತೈತಿ. "ನಿನ್ನ ಹೇಣತಿ ಕೆಟ್ಟಾಕಿ, ಆಕೀನ ಕೊಡಬ್ಯಾಡ ಅಂದಾಳ" ಅಂತ ಹೇಳ್ರಿ. ಬೈಲಿ. ಸಂಜಿಕ ನಾ ಬಂದಾಗ ನನಗ ಬೈಯಾಕ ಅವರು ಇರಲಿ, ಸಾಕು.

ರಂಜನಾ